ಶೇಂಗಾ ಸಿಪ್ಪೆಯ ನೀರು

ಗಡಿಗೆಯ ತಳದ ತೂತಿನಿಂದ ಇಳಿದ ನೀರನ್ನು ಲೋಟದಲ್ಲಿ ಹಿಡಿದು, ನೆಲಕ್ಕಿಟ್ಟು, ಶರ್ವರಿ ಹಿಂದೆ ಸರಿದಳು. ಅಜ್ಜಿ ಮಡಿಯಲ್ಲಿದ್ದರು.

"ಮೂಸಿ ನೋಡಜ್ಜಿ, ವಾಸನಿ ಬರ್ತದೇನು?"

ಅಜ್ಜಿ ಸುಂದರಾಬಾಯಿ ಬಗ್ಗಿ ಲೋಟ ಎತ್ತಿಕೊಂಡರು. ರಾಮದುರ್ಗದ ಈ ಮನೆಯ ಬಾವಿ ನೀರು ಬೇಸಿಗೆ ಬಂದದ್ದೇ ಹಳದಿಯಾಗಿ ನಾರತೊಡಗಿತ್ತು. ಕ್ಯಾನಿನ ನೀರು ಮಡಿಗೆ ಬರುವುದಿಲ್ಲ, ಬಾವಿಯದು ಗಂಟಲಲ್ಲಿ ಇಳಿಯುವುದಿಲ್ಲ. ಹೀಗೆ ನೀರು ಕುಡಿಯುವುದನ್ನೇ ಬಿಟ್ಟಂತಾಗಿ ನಿನ್ನೆ ತುಳಸಿಕಟ್ಟೆಯ ಬಳಿ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದರು. ಇನ್ನೊಮ್ಮೆ ಹೀಗಾದರೆ ದವಾಖಾನೆಗೆ ಸೇರಿಸಬೇಕೆಂದು ಡಾಕ್ಟರು ಹೇಳಿದ್ದರು.

"ಏನೂ ವಾಸನಿ ಇಲ್ಲಲ್ಲ! ಗಡಿಗ್ಯಾಗ ಏನು ಹಾಕೀದಿ?"

"ಉಸುಕು, ಅದರ ಮ್ಯಾಲೆ ಶೇಂಗಾ ಸಿಪ್ಪಿ ಸುಟ್ಟ ಇದ್ದಲಿ. ಇನ್ನ ಕುದಿಸಿ ಆರಿಸಿದ್ರ ಆತು. ಖರ್ಚೇ ಇಲ್ಲಜ್ಜಿ! ಬಸ್‌ಸ್ಟ್ಯಾಂಡಿನ್ಯಾಗ ಮಂದಿ ತಿಂದು ಒಗದದ್ದು, ಚೀಲ ತುಂಬ್ಕೊಂಡು ಬಂದೆ."

ಅಜ್ಜಿಯ ಮುಖ ಬದಲಾಯಿತು.

"ಮಂದಿ ಕೈಯಿಂದ ಸುಲದದ್ದೋ, ಹಲ್ಲಿಂದ ಒಡದದ್ದೋ?"

ಜೋಕಾಲಿಯ ಮೇಲಿದ್ದ ಅಪ್ಪ ಮುಕುಂದ, 'ಕೈಯಿಂದ' ಅನ್ನು ಎಂಬಂತೆ ಅಜ್ಜಿಯ ಬೆನ್ನ ಹಿಂದೆ ಬೆರಳಾಡಿಸಿದ. ಅಜ್ಜಿಯ ಬಿರಿದ ತುಟಿ ನೋಡಿ ಶರ್ವರಿಗೂ ಹಾಗೇ ಅನ್ನಬೇಕೆನಿಸಿತು. ಆಗಲಿಲ್ಲ.

"ಹಲ್ಲಿಂದನೂ ಇರ್ತಾವಜ್ಜಿ..."

"ಅಯ್ಯ ಖೋಡಿ! ಊರ ಮಂದಿ ಎಂಜಲಾ ಕುಡಸ್ಲಿಕ್ಕೆ ಹತ್ತೀದ್ಯಲ್ಲ!" ಲೋಟ ಠಣ್ಣನೆ ನೆಲಕ್ಕಿಳಿಯಿತು.

"ಸುಟ್ಟದ್ದಕ್ಕ ಎಂಜಲ ಎಲ್ಲೀದವ್ವಾ?" ಎಂದ ಮುಕುಂದ.

"ನೀ ಸುಮ್ಮನ ಕೂಡು. ಬಾಯಾಗ ಎಲಿ ಅಡಕಿ ಇಟ್ಕೊಂಡು ಶಾಸ್ತ್ರಾ ಹೇಳ್ತಾನ!"

ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಶರ್ವರಿ ಮೂಗು ಒರೆಸಿಕೊಂಡು ಗಡಿಗೆಯಿಂದ ಇದ್ದಿಲು ತೋಡತೊಡಗಿದಳು. ಕೈಯೆಲ್ಲ ಕಪ್ಪಾಯಿತು.

ಅಜ್ಜಿ ಮರಳಿ ಬಂದಾಗ ಕೈಯಲ್ಲಿದ್ದ ಮೊರದ ತುಂಬ ಶೇಂಗಾ ಇತ್ತು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಹೆಬ್ಬೆರಳಿನಿಂದ ಒಂದು ಕಾಯಿ ಒತ್ತಿದರು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ.

"ಅಳೂದು ಸಾಕು. ಇವನ್ನ ಸುಡು. ಗಡಿಗಿ ಬ್ಯಾರೆ ತೊಗೊ."

ಮುಕುಂದನೂ ಬಂದು ಕುಳಿತ. ಬಾಯಿ ಮುಕ್ಕಳಿಸಿ ಬಂದಿದ್ದ. ಒಂದು ಕಾಯಿ ಎತ್ತಿ ರೂಢಿಯಂತೆ ಹಲ್ಲಿಗೆ ಒಯ್ದ.

"ಏ ಮುಕುಂದಾ! ಕೈಲೆ!"

ಅವನು ಕಳ್ಳನಂತೆ ಕೈ ಕೆಳಗಿಳಿಸಿದ. ಶರ್ವರಿ ಕಣ್ಣೀರಲ್ಲೇ ನಕ್ಕಳು.

"ಕಾಳು ನೀವು ತಿನ್ರಿ, ಸಿಪ್ಪಿ ನನಗ," ಎಂದರು ಅಜ್ಜಿ. ಸ್ವಲ್ಪ ಹೊತ್ತಿಗೆ ತಲೆ ಎತ್ತದೆಯೇ, ಮೆಲ್ಲಗೆ ಅಂದರು: "ಲಗೂನ ಒಡೀರಿ. ನೀರಡಿಸೇದ ನನಗ."

ಪಡಸಾಲೆಯ ತುಂಬ ಚಟ್, ಚಟ್ ಎಂದು ಕಾಯಿ ಒಡೆಯುವ ಸದ್ದು.