ಅಗುಳಿಯ ಮೇಲಿನ ಚುಕ್ಕೆ

ತಿಯೋಸಾವ್ ಸತ್ತ ಮೂವತ್ತಮೂರನೆಯ ದಿನ ಅವನ ತಮ್ಮ ಓಬ್ರೆನ್ ನಮ್ಮ ಅಡುಗೆಮನೆಗೆ ಬಂದು, ಟೋಪಿಯನ್ನೂ ತೆಗೆಯದೆ ಕುಳಿತ. ಕಾಫಿ ಇಟ್ಟೆ, ಕುಡಿಯಲಿಲ್ಲ. ಹಣ್ಣಿನ ಸಾರಾಯಿ ರಾಕಿಯಾ ಸುರಿದೆ, ಅದನ್ನೂ ಮುಟ್ಟಲಿಲ್ಲ. ನಮ್ಮ ಕಡೆ ಗಂಡಸು ರಾಕಿಯಾ ಮುಂದಿಟ್ಟುಕೊಂಡು ಸುಮ್ಮನೆ ಕುಳಿತರೆ ಒಂದೋ ಅವನಿಗೆ ಹೊಟ್ಟೆ ಸರಿಯಿಲ್ಲ, ಇಲ್ಲವೇ ಕೇಳಲಾಗದ್ದನ್ನು ಕೇಳಲು ಬಂದಿದ್ದಾನೆ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ನವೆಂಬರಿನಲ್ಲಿ ದ್ರಾಕ್ಷಿ ತೋಟಗಳ ಮೇಲಿನ ಕಾಡಿಗೆ ಹಂದಿ ಬೇಟೆಗೆ ಹೋಗಿದ್ದರು. ತಿಯೋಸಾವ್ ಬಂದೂಕಿನ ಕುದುರೆ ಎಳೆದ. ಗುಂಡು ಮುಂದೆ ಹೋಯಿತು, ಆದರೆ ಕಾಡತೂಸಿನ ಹಿತ್ತಾಳೆ ಚಿಪ್ಪು ಬುಡದಲ್ಲಿ ಹರಿದು, ಬೆಂಕಿಯ ಜೊತೆ ಅದರ ಚೂರೊಂದು ಹಿಂದಕ್ಕೆ ಬಂದು ಬಲಗಣ್ಣಿಗೆ ಹೊಕ್ಕಿತು. ನಾಲ್ಕನೆಯ ದಿನ ತೀರಿಕೊಂಡ. ಪೊಲೀಸರು ಅಪಘಾತ ಎಂದು ಬರೆದು ಬಂದೂಕನ್ನು ಅವನ ಹೆಂಡತಿ ಮಿಲುಂಕಾಳಿಗೆ ಹಿಂದಿರುಗಿಸಿದರು. ಅವರ ಪಾಲಿಗೆ ಅಲ್ಲಿಗೆ ಮುಗಿಯಿತು.

ಮಿಲುಂಕಾಳಿಗೆ ಮುಗಿಯಲಿಲ್ಲ. ಖಾಲಿ ಚಿಪ್ಪುಗಳಿಗೆ ಮತ್ತೆ ಮದ್ದು ತುಂಬುವವನು ಓಬ್ರೆನ್. ಪ್ರತಿ ಚಳಿಗಾಲ ಹಿತ್ತಲ ಕೊಟ್ಟಿಗೆಯಲ್ಲಿ ಕುಳಿತು ಅಣ್ಣನಿಗೂ ತನಗೂ ಅವನೇ ತುಂಬುತ್ತಿದ್ದ. ಮದ್ದು ಹೆಚ್ಚು ಸುರಿದು ಅಣ್ಣನನ್ನು ಕೊಂದವನು ಇವನೇ ಎಂದು ಮಿಲುಂಕಾ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಹೇಳಿದಳು. ನಲವತ್ತನೆಯ ದಿನ ಗೋರಿಯ ಹತ್ತಿರ ಕಾಲಿಡಬೇಡ ಎಂದಳು. ಸತ್ತವನ ಮನೆಯವರು ನಲವತ್ತನೆಯ ದಿನಕ್ಕೆ ಸೇರಿಸದವನಿಗೆ ಆಮೇಲೆ ಊರಲ್ಲಿ ಯಾರೂ ನಮಸ್ಕಾರ ಹೇಳುವುದಿಲ್ಲ, ಅವನ ದ್ರಾಕ್ಷಿ ಕೊಯ್ಯಲು ಯಾರೂ ಬರುವುದಿಲ್ಲ.

ಅವಳ ಮಾತಿಗೆ ತೂಕ ಕೊಟ್ಟವರು ವಿತೋಮಿರ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಜರ್ಮನ್ ಬಂದೂಕುಗಳದ್ದೇ ಧ್ಯಾನ. ಯಾವುದು ಯುದ್ಧದಿಂದ ಬಂದ ಹಾಗೇ ಇದೆ, ಯಾವುದು ತೇಪೆ ಹಾಕಿದ್ದು ಎಂದು ಕೇಳಲು ಮೂರು ಊರಿನವರು ಅವರಲ್ಲಿಗೆ ಬರುತ್ತಿದ್ದರು. ಈ ಬಂದೂಕನ್ನೂ ಭೂತಗನ್ನಡಿ ಹಿಡಿದು ನೋಡಿದ್ದರು. ನಳಿಗೆಯ ಬುಡದಲ್ಲಿ 3713, ಅಗುಳಿಯ ಮೇಲೂ 3713. ಕಾರ್ಖಾನೆಯಿಂದ ಹೊರಬಿದ್ದಂತೆಯೇ ಇದೆ, ಇಂಥ ಬಂದೂಕು ಕೈಕೊಡುವುದಿಲ್ಲ, ಕೈಕೊಟ್ಟದ್ದು ಕಾಡತೂಸು ಎಂದು ತೀರ್ಪು ಕೊಟ್ಟಿದ್ದರು.

"ಚಿಕ್ಕಮ್ಮ, ನೀವು ಸೈನ್ಯದ ಬಂದೂಕು ರಿಪೇರಿ ವರ್ಕ್‌ಶಾಪಲ್ಲಿ ಮೂರು ವರ್ಷ ಇದ್ರಿ," ಎಂದ ಓಬ್ರೆನ್. "ಒಂದ್ಸಲ ನೋಡಿ. ನನ್ನ ಕಾಡತೂಸೇ ಅಂತ ನೀವು ಅಂದ್ರೆ ಒಪ್ಕೊಂಡು ಬಾಯಿ ಮುಚ್ಕೊಂಡಿರ್ತೀನಿ. ಅಲ್ಲ ಅಂದ್ರೆ, ಅಣ್ಣನ ಹತ್ರ ನಿಲ್ಲೋಕೆ ಬಿಡ್ಲಿ."

ಮದ್ದು ಎಷ್ಟು ಹಾಕಿದ್ದೆ ಎಂದು ಕೇಳಿದೆ. ಒಂದೊಂದನ್ನೂ ತೂಗಿಯೇ ಹಾಕಿದ್ದೇನೆ ಎಂದ. ಆ ಚಿಪ್ಪಿಗೆ ಎಷ್ಟು ಸಲ ತುಂಬಿದ್ದೆ ಎಂದು ಕೇಳಿದಾಗ ಮಾತ್ರ ಮೇಜನ್ನು ನೋಡಿದ. ಆರು ಸಲ ಎಂದ. ಹೊಸ ಹಿತ್ತಾಳೆ ಸಿಗುವುದಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ ಎಂದ. ಅದು ನಿಜವೇ.

ಮರುದಿನ ಮಿಲುಂಕಾಳ ಮನೆಗೆ ಹೋದೆ. ಮೇಷ್ಟ್ರನ್ನೂ ಅವಳೇ ಕರೆಸಿದ್ದಳು. ಓಬ್ರೆನ್‌ನನ್ನು ಒಳಗೆ ಬಿಡಲಿಲ್ಲ. ಅವನು ಅಂಗಳದಲ್ಲಿ ಸೌದೆಯ ರಾಶಿಯ ಪಕ್ಕ ನಿಂತ. ಬಂದೂಕು ಕಂಬಳಿಯೊಳಗಿತ್ತು. ನಾನು ಅಗುಳಿಯನ್ನು, ಅಂದರೆ ಕಾಡತೂಸನ್ನು ಹಿಂದಿನಿಂದ ಬಿಗಿಹಿಡಿಯುವ ಆ ಉಕ್ಕಿನ ತುಂಡನ್ನು, ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದೆ.

ಅಂಕಿಗಳು ಒಂದೇ, ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಆದರೆ ನಳಿಗೆಯ ಬುಡದಲ್ಲಿದ್ದ ಮೂರರ ತಲೆ ದುಂಡಗಿತ್ತು. ಅಗುಳಿಯ ಮೇಲಿನ ಮೂರಕ್ಕೆ ಕತ್ತರಿಸಿದಂಥ ಚಪ್ಪಟೆ ತಲೆ. ಆ ಚಪ್ಪಟೆ ತಲೆಯ ಮೂರನ್ನು ಹೊಡೆಯುವ ಅಚ್ಚುಮೊಳೆ ಒಂದು ಕಾಲಕ್ಕೆ ನನ್ನ ಪೆಟ್ಟಿಗೆಯಲ್ಲಿತ್ತು.

ಯುದ್ಧ ಮುಗಿದ ಮೇಲೆ ಜರ್ಮನರು ಬಿಟ್ಟುಹೋದ ಬಂದೂಕುಗಳು ಕೆಳಗಿನ ಪಟ್ಟಣದ ಸೈನ್ಯದ ವರ್ಕ್‌ಶಾಪಿಗೆ ರೈಲು ಡಬ್ಬಿಗಟ್ಟಲೆ ಬರುತ್ತಿದ್ದವು. ಎಲ್ಲವನ್ನೂ ಬಿಚ್ಚುತ್ತಿದ್ದರು. ನಳಿಗೆಗಳು ಒಂದು ಕಡೆ, ಮರ ಒಂದು ಕಡೆ, ಅಗುಳಿಗಳು ದೊಡ್ಡ ಬುಟ್ಟಿಗಳಲ್ಲಿ. ಬುಟ್ಟಿಯನ್ನು ಹಾಗೇ ಬಿಸಿನೀರಿನಲ್ಲಿ ಅದ್ದಿ ಜಿಡ್ಡು ತೆಗೆಯುತ್ತಿದ್ದರು. ಹೀಗಾಗಿ ಯಾವ ಅಗುಳಿಯೂ ತನ್ನ ಬಂದೂಕಿಗೆ ಮರಳುತ್ತಿರಲಿಲ್ಲ. ಸ್ರೆತೆನ್ ಎಂಬುವನೊಬ್ಬ ಬುಟ್ಟಿಯಿಂದ ಒಂದನ್ನು ತೆಗೆದು, ಬಂದೂಕಿನಲ್ಲಿ ಕಾಡತೂಸಿಗಿಂತ ತುಸು ಉದ್ದದ ಅಳತೆಯ ಉಕ್ಕಿನ ಗುಂಡನ್ನಿಟ್ಟು ಅಗುಳಿ ತಿರುಗಿಸುತ್ತಿದ್ದ. ಪೂರ್ತಿ ಮುಚ್ಚಿಕೊಳ್ಳದಿದ್ದರೆ ಬಿಗಿ ಸರಿಯಿದೆ ಎಂದು ಅರ್ಥ. ಸಲೀಸಾಗಿ ಮುಚ್ಚಿಕೊಂಡರೆ ಕೂದಲೆಳೆಯಷ್ಟು ಸಂದು ಹೆಚ್ಚಿದೆ. ಆ ಸಂದಿನಲ್ಲಿ ಹಿತ್ತಾಳೆ ಪ್ರತಿ ಸಲವೂ ಹಿಗ್ಗುತ್ತದೆ, ಹಿಗ್ಗಿ ಹಿಗ್ಗಿ ಒಂದು ದಿನ ಹರಿಯುತ್ತದೆ. ಹಾಗೆ ಸೋತ ಅಗುಳಿಯ ಹಿಡಿಯ ಬುಡದಲ್ಲಿ ಸ್ರೆತೆನ್ ಒಂದು ಚುಕ್ಕೆ ಹೊಡೆದು ಗುಜರಿ ಪೆಟ್ಟಿಗೆಗೆ ಎಸೆಯುತ್ತಿದ್ದ. ಗೆದ್ದದ್ದು ನನ್ನ ಮೇಜಿಗೆ ಬರುತ್ತಿತ್ತು. ಹಳೆಯ ಅಂಕಿಯನ್ನು ಸಾಣೆಗೆ ಹಿಡಿದು ಅಳಿಸಿ, ಬಂದೂಕಿನ ಅಂಕಿಯನ್ನು ಸುತ್ತಿಗೆಯಲ್ಲಿ ಹೊಡೆಯುವುದು ನನ್ನ ಕೆಲಸ. ನನಗಾಗ ಇಪ್ಪತ್ತೊಂದು. ರಾತ್ರಿ ಶಾಲೆಗೆ ಸೇರಿದ್ದು ಅದೇ ವರ್ಷ. ಅಂಕಿಗಳನ್ನು ಮೊದಲು ಉಕ್ಕಿನಲ್ಲಿ ಕಲಿತೆ, ಆಮೇಲೆ ಸ್ಲೇಟಿನಲ್ಲಿ.

ಐವತ್ತೊಂದರ ಫೆಬ್ರವರಿಯಲ್ಲಿ ಬುಟ್ಟಿಗಳು ಖಾಲಿಯಾದವು. ಬಂದೂಕುಗಳು ಇನ್ನೂ ಇದ್ದವು, ಕಳಿಸಬೇಕಾದ ದಿನ ಗೊತ್ತಾಗಿತ್ತು. ವರ್ಕ್‌ಶಾಪಿನ ಮೇಸ್ತ್ರಿ ಗುಜರಿ ಪೆಟ್ಟಿಗೆಯನ್ನು ಹೊರಿಸಿ ತಂದು ನನ್ನ ಮೇಜಿನ ಪಕ್ಕ ಇಡಿಸಿದ. ಸಿಪಾಯಿ ವರ್ಷಕ್ಕೆ ಹತ್ತು ಗುಂಡು ಹೊಡೆಯುತ್ತಾನೆ, ಅದೂ ಹೊಸದು, ಕೂದಲೆಳೆಯಿಂದ ಏನೂ ಆಗುವುದಿಲ್ಲ ಎಂದ. ಚುಕ್ಕೆಯನ್ನೂ ಅಳಿಸು ಎಂದ. ಅಳಿಸಿದೆ. ಎರಡು ದಿನ ಅದೇ ಕೆಲಸ ಮಾಡಿದೆ. ಸ್ರೆತೆನ್ ಆ ಎರಡು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಮುಂದೆ ಸೈನ್ಯ ಆ ಬಂದೂಕುಗಳನ್ನು ಬೇಟೆಗಾರರಿಗೆ ಮಾರಿತು.

ಇದಿಷ್ಟೂ ಮಿಲುಂಕಾಳ ಕಿಟಕಿಯ ಬಳಿ ನಿಂತಾಗ ನನ್ನ ತಲೆಯಲ್ಲಿ ಹಾದುಹೋಯಿತು. ಬಾಯಲ್ಲಿ ಬಂದದ್ದು ಇಷ್ಟೇ: ಈ ಅಗುಳಿ ಈ ಬಂದೂಕಿನದಲ್ಲ, ಅಂಕಿ ಆಮೇಲೆ ಹೊಡೆದದ್ದು.

ಮೇಷ್ಟ್ರು ನಕ್ಕರು. ಈ ಬಂದೂಕನ್ನು ತಿಯೋಸಾವ್‌ನ ತಂದೆ ಕ್ರ್ಸ್‌ಮಾನ್ ನಲವತ್ನಾಲ್ಕರಲ್ಲಿ ಓಡಿಹೋಗುತ್ತಿದ್ದ ಜರ್ಮನನ ಕೈಯಿಂದ ಕಿತ್ತುಕೊಂಡದ್ದು, ಅಂದಿನಿಂದ ಮಂಚದ ಮೇಲಿನ ಗೋಡೆ ಬಿಟ್ಟು ಇಳಿದಿಲ್ಲ, ನಿಮ್ಮ ವರ್ಕ್‌ಶಾಪಿಗೆ ಯಾವಾಗ ಹೋಯಿತು ಎಂದು ಕೇಳಿದರು.

"ಮಾವ ಪ್ರತಿ ವರ್ಷ ಮನೆದೇವರ ಹಬ್ಬದಲ್ಲಿ ಆ ಕತೆ ಹೇಳೋರು," ಎಂದಳು ಮಿಲುಂಕಾ. "ವರ್ಷಕ್ಕೊಂದು ಗೇಣು ಆ ಜರ್ಮನ್ ಎತ್ತರ ಆಗ್ತಿದ್ದ." ಅವಳ ಮುಖದಲ್ಲಿ ನಗು ಇರಲಿಲ್ಲ. ನನ್ನ ಕಡೆ ತಿರುಗಿ, ತೋರಿಸಲಾಗುತ್ತದೆಯೇ ಎಂದು ಕೇಳಿದಳು.

ತೋರಿಸಬಹುದಿತ್ತು. ಸುತ್ತಿಗೆಯ ಏಟಿಗೆ ಉಕ್ಕು ಮೇಲಷ್ಟೇ ಅಲ್ಲ, ಒಳಗೂ ನಲುಗಿರುತ್ತದೆ. ಮೇಲಿನದನ್ನು ಸಾಣೆ ಹಿಡಿದರೂ ಒಳಗಿನ ನೋವು ಹೋಗುವುದಿಲ್ಲ. ಅದನ್ನು ಮೇಲಕ್ಕೆ ಕರೆಯಲು ಬೇಕಾದ್ದು ನಮ್ಮಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ: ದ್ರಾಕ್ಷಿ ಬಳ್ಳಿಗೆ ಹೊಡೆಯುವ ಮೈಲುತುತ್ತ, ಕಕ್ಕಸು ತೊಳೆಯುವ ಆಸಿಡ್. ಉಪ್ಪುಕಾಗದ ಕೇಳಿದೆ. ಮೇಷ್ಟ್ರು ಎದ್ದು ನಿಂತರು. ಅದಕ್ಕೆ ಕೈ ಹಚ್ಚಿದರೆ ಇಂಥ ಇನ್ನೊಂದು ಈ ಜಿಲ್ಲೆಯಲ್ಲಿ ಸಿಗುವುದಿಲ್ಲ, ನಲವತ್ತು ವರ್ಷ ಉಳಿದದ್ದನ್ನು ನಲವತ್ತು ನಿಮಿಷದಲ್ಲಿ ಹಾಳು ಮಾಡುತ್ತೀರಿ ಎಂದರು.

"ಮೇಷ್ಟ್ರೇ, ನನ್ನ ಗಂಡನಂಥವನೂ ಇನ್ನೊಬ್ಬ ಸಿಗಲ್ಲ," ಎಂದಳು ಮಿಲುಂಕಾ. "ಉಜ್ಜಿ ಚಿಕ್ಕಮ್ಮ."

ಕನ್ನಡಿಯಾಗುವವರೆಗೆ ಉಜ್ಜಿದೆ. ಅಂಕಿಗಳ ಸುತ್ತ ಮಾತ್ರ ಉಜ್ಜಿದೆ. ಹಿಡಿಯ ಬುಡಕ್ಕೆ ಹೋಗಲಿಲ್ಲ. ಅರಿವೆ ಸುತ್ತಿದ ಕಡ್ಡಿಯನ್ನು ಅದ್ದಿ ಸವರುತ್ತ ಹೋದೆ. ತಾಮ್ರದ ಕೆಂಪು ಹತ್ತಿತು, ಒರೆಸಿದೆ, ಮತ್ತೆ ಸವರಿದೆ. ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ 3713ರ ಹಿಂದೆ, ಬೆವರಿದ ಗಾಜಿನಾಚೆಯ ಮುಖದ ಹಾಗೆ, ಎಂಟು ಬಂತು. ಎರಡು ಬಂತು. 8260.

ಮೇಷ್ಟ್ರು ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಅವರು ಪ್ರಾಮಾಣಿಕರು. ನನ್ನದು ತಪ್ಪಾಯಿತು ಎಂದರು. ಆದರೆ ಕುಳಿತುಕೊಂಡು, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವವರಂತೆ, ಇನ್ನೊಂದು ಮಾತು ಹೇಳಿದರು. ಅಗುಳಿ ಬೇರೆಯದು ಎಂದ ಮಾತ್ರಕ್ಕೆ ಕೆಟ್ಟದ್ದು ಎಂದಲ್ಲ. ಅಳತೆ ನೋಡಿಯೇ ಅಲ್ಲವೇ ಅಂಕಿ ಹೊಡೆಯುತ್ತಿದ್ದದ್ದು? ಹಾಗಿದ್ದರೆ ಬಂದೂಕು ಅಸಲಿ ಅಲ್ಲ, ಅಷ್ಟೇ. ಹೊಡೆಯಲು ಸರಿಯಾಗಿಯೇ ಇತ್ತು. ತಪ್ಪು ಮತ್ತೆ ಕಾಡತೂಸಿಗೇ ಬಂತು.

ಮಿಲುಂಕಾ ನನ್ನನ್ನು ನೋಡಿದಳು. "ಅಳತೆ ನೋಡ್ತಿದ್ರಾ ಚಿಕ್ಕಮ್ಮ?"

ನೋಡುತ್ತಿದ್ದರು ಎಂದೆ. ಅದು ಸುಳ್ಳಲ್ಲ. ಕಿಟಕಿಯಾಚೆ ಓಬ್ರೆನ್ ಕಾಣುತ್ತಿದ್ದ. ಒಳಗಿನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ಚಳಿಗೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದ. ನಾನು ಅಲ್ಲಿಗೇ ನಿಲ್ಲಿಸಿದ್ದರೆ ನಿಲ್ಲುತ್ತಿತ್ತು. ಮೇಸ್ತ್ರಿ ಸತ್ತು ಇಪ್ಪತ್ತು ವರ್ಷ, ಸ್ರೆತೆನ್ ಅದಕ್ಕೂ ಮುಂಚೆಯೇ ಹೋದ. ಚುಕ್ಕೆಯ ಅರ್ಥ ಬಲ್ಲವರು ಈ ಲೋಕದಲ್ಲಿ ನಾನೊಬ್ಬಳೇ. ಅಲ್ಲದೆ ಈ ಅಗುಳಿಗೆ ಚುಕ್ಕೆ ಇರಲೇಬೇಕು ಎಂದೇನೂ ಇಲ್ಲ. ಸಾವಿರಾರು ಅಗುಳಿಗಳು ನನ್ನ ಕೈ ದಾಟಿದ್ದವು, ಕೆಟ್ಟವು ಎರಡೇ ದಿನದವು. ಇಲ್ಲದೇ ಹೋಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತ ಉಪ್ಪುಕಾಗದವನ್ನು ಹಿಡಿಯ ಬುಡಕ್ಕೆ ಒಯ್ದೆ. ಹಾಗೆ ಬೇಡಿಕೊಂಡದ್ದು ಓಬ್ರೆನ್‌ನ ವಿರುದ್ಧದ ಬೇಡಿಕೆ ಎಂಬುದು ಆಗಲೇ ನನಗೆ ಗೊತ್ತಿತ್ತು.

ಅಂಕಿಗಿಂತ ಬೇಗ ಬಂತು. ಸಾಸಿವೆಯಷ್ಟು, ಕಪ್ಪಗೆ, ಅಂಚು ಸ್ಪಷ್ಟವಾಗಿ.

"ಇದೇನಿದು ಚುಕ್ಕೆ?" ಎಂದರು ಮೇಷ್ಟ್ರು.

ಹೇಳಿದೆ. ಸ್ರೆತೆನ್, ಉಕ್ಕಿನ ಗುಂಡು, ಗುಜರಿ ಪೆಟ್ಟಿಗೆ, ಫೆಬ್ರವರಿ, ಒಂದೊಂದಾಗಿ ಹೇಳಿದೆ. ಮುಗಿದ ಮೇಲೆ ಮಿಲುಂಕಾ, ಚುಕ್ಕೆ ಅಳಿಸಿದವರು ಯಾರು ಎಂದು ಕೇಳಿದಳು.

"ನಾನೇ ಕಣಮ್ಮ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ಆಸಿಡ್ಡಿನ ಬಟ್ಟಲನ್ನು ಎತ್ತಿ ಕಿಟಕಿಯ ಮೇಲೆ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟಳು. ಆ ಮನೆಯ ಮಕ್ಕಳು ದೊಡ್ಡವರಾಗಿ ಎಷ್ಟೋ ವರ್ಷ ಆಗಿತ್ತು. ಆಮೇಲೆ ಬಾಗಿಲು ತೆರೆದು ಓಬ್ರೆನ್‌ನನ್ನು ಒಳಗೆ ಕರೆದಳು.

ಮೇಷ್ಟ್ರು ಅವನಿಗೆ ಎಲ್ಲವನ್ನೂ ವಿವರಿಸಿದರು. ಅವನು ಕೇಳಿಸಿಕೊಂಡ. ಅವನ ಮುಖ ಹಗುರಾಗುತ್ತದೆ ಎಂದು ಕಾದೆ. ಅವನು ನನ್ನ ಕಡೆ ನೋಡಲಿಲ್ಲ.

"ಅತ್ತಿಗೆ, ಆ ಚಿಪ್ಪಿಗೆ ಆರು ಸಲ ತುಂಬಿದ್ದೆ," ಎಂದ. "ನಾಲ್ಕಕ್ಕೆ ಎಸೀಬೇಕಿತ್ತು. ಬಂದೂಕು ಸರಿ ಇದ್ದಿದ್ರೆ ಆರೂ ತಡ್ಕೊತಿತ್ತೋ ಏನೋ. ಇದನ್ನೂ ನೀವು ತಿಳ್ಕೊಂಡಿರ್ಬೇಕು."

ಮಿಲುಂಕಾ ಅಗುಳಿಯನ್ನು ಕಂಬಳಿಯೊಳಗೆ ಸುತ್ತಿಟ್ಟಳು. ಗುರುವಾರ ಬೆಳಿಗ್ಗೆ ಎಂಟಕ್ಕೆ ಗೋರಿಯ ಹತ್ತಿರ ಪಾದ್ರಿ ಬರುತ್ತಾರೆ, ತಡ ಮಾಡಬೇಡ ಎಂದಳು. ಅಷ್ಟೇ.

ನನ್ನನ್ನು ಗುರುವಾರ ಬಾ ಎಂದು ಯಾರೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಹೋದೆ. ಹಿಂದಿನ ಸಾಲಿನ ಗೋರಿಗಳ ಹತ್ತಿರ ನಿಂತೆ. ಹಿಮ ಬೀಳದೆ ನೆಲ ಬರಿಯ ಕಲ್ಲಾಗಿತ್ತು. ಪಾದ್ರಿ ಗೋರಿಗೆ ವೈನ್ ಸುರಿದರು. ಓಬ್ರೆನ್ ಶಿಲುಬೆಯ ಎಡಕ್ಕೆ, ತಮ್ಮನಾದವನು ನಿಲ್ಲುವ ಜಾಗದಲ್ಲಿ, ಬರಿದಲೆಯಲ್ಲಿ ನಿಂತಿದ್ದ. ಆಮೇಲೆ ಮಿಲುಂಕಾ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಒಬ್ಬೊಬ್ಬರ ಬಳಿಗೂ ಬಂದಳು. ಸತ್ತವನ ಹೆಸರಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚಮಚ. ಓಬ್ರೆನ್‌ಗೆ ಕೊಟ್ಟಳು. ಮೇಷ್ಟ್ರಿಗೆ ಕೊಟ್ಟಳು. ಕೊನೆಗೆ ನನ್ನ ಮುಂದೆ ಬಂದು ನಿಂತಳು. ತಟ್ಟೆ ಅವಳ ಎದೆಯ ಮಟ್ಟದಲ್ಲಿತ್ತು, ಚಾಚಲಿಲ್ಲ.

"ಎರಡು ದಿನ ಅಂದ್ರಲ್ಲ ಚಿಕ್ಕಮ್ಮ. ಉಳಿದವು ಎಲ್ಲಿವೆ?"

ಗೊತ್ತಿಲ್ಲ ಎಂದೆ. ಎಷ್ಟು ಎಂದು ಕೇಳಿದಳು. ಎಣಿಸಿರಲಿಲ್ಲ ಎಂದೆ. ತಲೆಯಾಡಿಸಿ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಹಿಂದಿರುಗಿದಳು.

ಹೊಸ ವರ್ಷ ಕಳೆದು ವಾರವಾಗಿರಬೇಕು. ವಿತೋಮಿರ್ ಮೇಷ್ಟ್ರು ಗಾಡಿಯಲ್ಲಿ ಬಂದು, ಒಳಗೆ ಬಂದರೂ ಕೂರದೆ, ಐದು ಅಗುಳಿಗಳನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಲ್ಲವನ್ನೂ ಅಸಲಿ ಎಂದು ನಾನೇ ಹಿಂದೆ ಹೇಳಿದ್ದೆ ಎಂದರು. ಪ್ರತಿಯೊಂದಕ್ಕೂ ದಾರ ಕಟ್ಟಿ, ಒಡೆಯನ ಹೆಸರಿನ ಚೀಟಿ ಕಟ್ಟಿದ್ದರು. ಚೀಟಿಗಳಲ್ಲಿ ಎರಡು ಹೆಸರು ನನಗೆ ಗೊತ್ತಿದ್ದವು. ಒಬ್ಬನ ಮದುವೆಯಲ್ಲಿ ನಾನು ಕುಣಿದಿದ್ದೆ.

ಸಂಜೆಯ ಹೊತ್ತಿಗೆ ಮೂರು ಮುಗಿದವು. ಎರಡರಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ಚುಕ್ಕೆ ಬಂತು. ಅದರ ಚೀಟಿ ಓದಿ, ಆ ಮನುಷ್ಯ ಈಗ ಎಲ್ಲಿದ್ದಾನೆ ಎಂದು ಕೇಳಿದೆ. ಮೇಷ್ಟ್ರು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದರು. ಅವನ ಬಳಿ ನಾವು ನೋಡಿರದ ಇನ್ನೊಂದು ಅಗುಳಿ ಇದೆ, ಅದನ್ನು ಹಾಕಿಕೊಂಡು ಈ ಭಾನುವಾರ ಬೇಟೆಗೆ ಹೋಗುತ್ತಾನೆ ಎಂದರು.