ಮೂತಿಯ ಮೇಲೆ ಕೂರುವ ಜನ

ಟ್ರೈಲರಿನ ಮೂತಿಯ ಮೇಲೆ ಕೂರುವುದು ಜೆಮೆಲಿಗೆ ಹನ್ನೊಂದು ವರ್ಷದ ಅಭ್ಯಾಸ. ಗಂಡ ಬಿರ್ಗೆನ್ ಹಳೆಯ ರೋಡ್ ರೋಲರ್ ಒಂದನ್ನು ಕೊಂಡು ಬಾಡಿಗೆಗೆ ಬಿಡಲು ಶುರು ಮಾಡಿದ ದಿನವೇ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ನಾಲ್ಕು ಟನ್ನಿನ ರೋಲರ್ ಹಿಂದಿನಿಂದ ಹಲಗೆ ಏರಿ ಬರುವಾಗ ಟ್ರೈಲರಿನ ಹಿಂಭಾಗ ಕುಸಿಯುತ್ತದೆ, ಮುಂಭಾಗ ಏತದ ಮರದಂತೆ ಮೇಲೇಳುತ್ತದೆ. ಅದು ಏಳದಂತೆ ಮೂರ್ನಾಲ್ಕು ಜನ ಮೂತಿಯ ಮೇಲೆ ಕೂರಬೇಕು. ರೋಲರ್ ಟ್ರೈಲರಿನ ಗಾಲಿಗಳ ಅಚ್ಚು ದಾಟಿ ಮುಂದೆ ಬಂದರೆ ಭಾರ ಸರಿಹೋಗುತ್ತದೆ. ಕೂತವರು ಇಳಿದು ಬಟ್ಟೆ ಕೊಡವಿಕೊಂಡು ಹೋಗಬಹುದು. ಕೀನ್ಯಾದ ಎಲ್ಡೊರೆಟ್ ಪಟ್ಟಣದ ಸುತ್ತ ಅವರಿಗೆ ಗೊತ್ತಿದ್ದವರೆಲ್ಲ ಮಾಡುತ್ತಿದ್ದದ್ದು ಹೀಗೆಯೇ. ದಾರಿಹೋಕರನ್ನು ಕೂಗಿದರೆ ಬಂದು ಕೂರುತ್ತಾರೆ. ಚಹಾಕ್ಕೆ ಐವತ್ತು ಶಿಲ್ಲಿಂಗ್ ಕೊಟ್ಟರೆ ಹಾಡಿಕೊಂಡು ಕೂರುತ್ತಾರೆ.

ಜೆಮೆಲಿ ಮೈತುಂಬಿದ ಹೆಂಗಸು. “ನನ್ನ ಹೆಂಡತಿ ಒಬ್ಬಳು ಕೂತ್ರೆ ಇಬ್ಬರ ಚಹಾ ಉಳೀತು ಅಂತ ಲೆಕ್ಕ” ಎಂದು ಬಿರ್ಗೆನ್ ನಾಲ್ಕು ಜನರ ಮುಂದೆ ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಬಿರ್ಗೆನ್ ಸತ್ತು ಹನ್ನೆರಡು ವಾರವಾಗಿತ್ತು. ರೋಲರ್ ಅಚ್ಚು ದಾಟುವ ಮೊದಲೇ ಮೂತಿ ಎದ್ದು, ಟ್ರಕ್ಕಿಗೆ ಸಿಕ್ಕಿಸಿದ್ದ ಕೊಕ್ಕೆ ಕಳಚಿ, ಟ್ರೈಲರ್ ಹಿಂದಕ್ಕೆ ಮಗುಚಿತು. ರೋಲರ್ ನಡೆಸುತ್ತಿದ್ದವನ ಮೇಲೇ ರೋಲರ್ ಬಿತ್ತು. ಕೊಕ್ಕೆ ಸವೆದಿತ್ತು ಅಂದರು ಜನ. ಪೊಲೀಸಿನವರೂ ಅದನ್ನೇ ಬರೆದುಕೊಂಡರು. ಜೆಮೆಲಿ ಏನೂ ಹೇಳಲಿಲ್ಲ, ಅಳಲೂ ಇಲ್ಲ. ಬಂದವರಿಗೆಲ್ಲ ಚಹಾ ಕಾಸಿದಳು, ಹೊತ್ತಿಗೆ ಸರಿಯಾಗಿ ಹಸು ಕರೆದಳು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೆ ಬೆರಳು ಸುಟ್ಟದ್ದು ಸಂಜೆ ಗುಳ್ಳೆ ಎದ್ದಾಗ ಗೊತ್ತಾಗುತ್ತಿತ್ತು. ಗಟ್ಟಿ ಹೆಂಗಸು ಎಂದರು ನೆಂಟರು. ಹಾಗೇನಿರಲಿಲ್ಲ. ಅವಳೊಳಗೆ ಯಾರೂ ಇರಲಿಲ್ಲ, ಅಷ್ಟೆ.

ಆ ಶುಕ್ರವಾರ ಮೈದುನ ಕಿಮೊಸೊಪ್ ಅವಳನ್ನು ಟ್ರೈಲರ್ ಮಾಡಿ ಮಾರುವ ಮುಖ್ವಾನಾನ ಶೆಡ್ಡಿಗೆ ಕರೆಸಿಕೊಂಡ. ರೋಲರ್ ರಿಪೇರಿಯಾಗಿತ್ತು. ಮೊಯ್ಬೆನ್ ಕಡೆ ರಸ್ತೆ ಕೆಲಸ ಹಿಡಿದಿದ್ದ ಗುತ್ತಿಗೆದಾರ ಸೋಮವಾರವೇ ರೋಲರ್ ಬೇಕು ಎಂದಿದ್ದ. ಎರಡು ತಿಂಗಳ ಕೆಲಸ. ಹಳೆಯ ಟ್ರೈಲರ್ ಗುಜರಿಗೆ ಹೋಗಿತ್ತು. ಇನ್ನು ಮುಂದೆ ರೋಲರ್ ನಡೆಸುವವನು ಕಿಮೊಸೊಪ್. ಜೆಮೆಲಿ ಆ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಒಂಬತ್ತು ವರ್ಷ. ಅವನ ಶಾಲೆಯ ಅಂಗಿ ಒಗೆದದ್ದು ಅವಳೇ. ಬಿರ್ಗೆನ್‌ನ ಮನೆಯಲ್ಲಿ ಜೆಮೆಲಿ, ಅವಳ ಮಗಳು ಚೆಲಿಮೋ; ಈಗ ಉಳಿದ ಗಂಡಸು ಅವನೊಬ್ಬನೇ.

ಮುಖ್ವಾನಾ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿಕೊಂಡು ಎದುರು ಬಂದ. ಅವನ ಹಿಂದೆ ಹಸಿರು ಬಣ್ಣ ಬಳಿದ ಹೊಸ ಟ್ರೈಲರ್ ನಿಂತಿತ್ತು.

“ಬನ್ನಿ ಚೆಲಿಮೋ ಅಮ್ಮಾ, ಈ ಕಬ್ಬಿಣ ನೋಡಿ. ಇದರ ಮೇಲೆ ಆನೆ ಹತ್ತಿಸಿ ಬೇಕಾದ್ರೆ. ಆನೆಗೆ ಸುಸ್ತಾಗುತ್ತೆ, ಕಬ್ಬಿಣಕ್ಕಾಗಲ್ಲ.”

“ಆನೆ ಬಾಡಿಗೆಗೆ ಬಿಡಲ್ಲ ನಾವು” ಎಂದಳು ಜೆಮೆಲಿ. ಒಂದು ಸುತ್ತು ಬಂದು ಹಿಂದೆ ಒರಗಿಸಿದ್ದ ಹಲಗೆಗಳ ಬಳಿ ನಿಂತಳು. “ಇವು ಎಷ್ಟುದ್ದ?”

“ಐದಡಿ.”

“ಗಿಡ್ಡ.”

“ಗಿಡ್ಡ ಇದ್ರೆ ಹೊರೋಕೆ ಸುಲಭ ಅಲ್ವಾ?”

“ಹತ್ತೋಕೆ?”

“ಹತ್ತೋದು ಯಂತ್ರ ಅಮ್ಮಾ, ನೀವಲ್ಲ” ಎಂದು ಮುಖ್ವಾನಾ ನಕ್ಕ. ಜೊತೆಗೆ ನಗುವವರು ಯಾರೂ ಸಿಗದೆ ತಾನೇ ನಿಲ್ಲಿಸಿದ.

ಬೆಲೆ ಆರು ಲಕ್ಷ ಶಿಲ್ಲಿಂಗ್. ನಕುರು ರಸ್ತೆಯ ದೊಡ್ಡ ಅಂಗಡಿಯಲ್ಲಿ ಇನ್ನೊಂದನ್ನು ಕಿಮೊಸೊಪ್ ವಿಚಾರಿಸಿ ಬಂದಿದ್ದ. ಅದಕ್ಕೆ ಉದ್ದನೆಯ ಹಲಗೆ, ಹಿಂಭಾಗ ಕುಸಿಯದಂತೆ ನೆಲಕ್ಕೆ ಇಳಿಸುವ ಎರಡು ಊರುಗಾಲು, ಎಲ್ಲ ಇದ್ದವು. ಹನ್ನೊಂದು ಲಕ್ಷ, ಮೂರು ವಾರ ಕಾಯಬೇಕು. ಅಷ್ಟು ದುಡ್ಡೂ ಇರಲಿಲ್ಲ, ಅಷ್ಟು ದಿನವೂ ಇರಲಿಲ್ಲ. ಹಾಗಾಗಿ ಇದೇ ಎಂದು ಕಿಮೊಸೊಪ್ ಮನಸ್ಸಿನಲ್ಲಿ ಮುಗಿಸಿಯೇ ಬಂದಿದ್ದ. ಬೆಳಿಗ್ಗೆ ಎದ್ದವನೇ ರೋಲರನ್ನು ಮನೆಯಿಂದ ಇಲ್ಲಿಯ ತನಕ ಆಮೆ ನಡಿಗೆಯಲ್ಲಿ ನಡೆಸಿಕೊಂಡು ತಂದಿದ್ದ.

“ಒಂದು ಸಲ ಹತ್ತಿಸಿ ತೋರಿಸ್ತೀನಿ ಅತ್ತಿಗೆ. ಆಮೇಲೆ ಹೂಂ ಅನ್ನಿ.”

ಮುಖ್ವಾನಾ ತನ್ನ ಟ್ರಕ್ಕಿಗೆ ಕೊಕ್ಕೆ ಸಿಕ್ಕಿಸಿದ. “ಬನ್ರೋ, ಮೂತಿ ಮೇಲೆ ಕೂತ್ಕೊಳ್ರಿ!” ಎಂದು ಕೂಗಿದ. ವೆಲ್ಡಿಂಗ್ ಮಾಡುತ್ತಿದ್ದ ಮೂವರು ಕೆಲಸ ಬಿಟ್ಟು ಬಂದು ಕೂತರು. “ಇನ್ನೊಬ್ಬರು ಬೇಕು” ಎಂದ ಕಿಮೊಸೊಪ್, ಅತ್ತಿಗೆಯ ಕಡೆ ನೋಡಿದವನು ತಟ್ಟನೆ ಮುಖ ತಿರುಗಿಸಿಕೊಂಡ. ಅಷ್ಟರಲ್ಲಿ ಜೆಮೆಲಿ ಹೋಗಿ ಕೂತಿದ್ದಳು. ಯಾರೋ ಕರೆದ ಹಾಗೆ ಕಾಲುಗಳು ತಾವೇ ನಡೆದಿದ್ದವು.

ಕಬ್ಬಿಣ ಬಿಸಿಲಿಗೆ ಕಾದಿತ್ತು. ರೋಲರಿನ ಮುಂದಿನ ಉರುಳೆ ಹಲಗೆಗೆ ಬಾಯಿಹಾಕಿತು. ಕೂತಲ್ಲೇ ಜೆಮೆಲಿ ಎರಡು ಬೆರಳಷ್ಟು ಮೇಲೆ ಹೋದಳು. ಟ್ರಕ್ಕಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕಿರ್ರೆಂದವು. ಹನ್ನೆರಡು ವಾರದಲ್ಲಿ ಅವಳ ಮೈಗೆ ತಿಳಿದ ಮೊದಲ ಸಂಗತಿ ಅದು. ನೆಲಕ್ಕೆ ತಾಗುತ್ತಿದ್ದ ಹಿಮ್ಮಡಿಗಳು ಈಗ ತಾಗುತ್ತಿಲ್ಲ. ಪಕ್ಕದವನು ಏನೋ ತಮಾಷೆ ಹೇಳುತ್ತಿದ್ದ. ಅವಳು ಎರಡೂ ಕೈಯಿಂದ ಮೂತಿಯ ಅಂಚು ಹಿಡಿದು ತನ್ನ ಭಾರವನ್ನೆಲ್ಲ ಕೆಳಕ್ಕೆ ಒತ್ತಿದಳು. ಉರುಳೆ ಅಚ್ಚು ದಾಟಿತು, ಮೂತಿ ದಬ್ಬೆಂದು ಕೂತಿತು. ಮೂವರೂ ಚಪ್ಪಾಳೆ ತಟ್ಟಿದರು.

“ನೋಡಿದ್ರಾ? ಬೆಣ್ಣೇಲಿ ಚಾಕು ಇಳಿದ ಹಾಗೆ!” ಎಂದ ಮುಖ್ವಾನಾ.

“ಇಳಿಸು” ಎಂದಳು ಜೆಮೆಲಿ, ಮೈದುನನಿಗೆ. “ಈಗ ಯಾರೂ ಕೂರದೆ ಮುಖ್ವಾನಾ ಹತ್ತಿಸಿ ತೋರಿಸಲಿ.”

ಚಪ್ಪಾಳೆ ನಿಂತಿತು. “ಹಾಗೆಲ್ಲಿ ಹತ್ತಿಸ್ತಾರೆ ಅಮ್ಮಾ?” ಎಂದ ಮುಖ್ವಾನಾ. “ಉಪ್ಪು ಹಾಕ್ದೆ ಅಡುಗೆ ಮಾಡು, ರುಚಿ ನೋಡ್ತೀನಿ ಅಂದಂಗಾಯ್ತು.”

“ಅಂದ್ರೆ ಜನ ಇಲ್ದೆ ಹತ್ತಲ್ಲ.”

“ಜನಕ್ಕೇನು ಬರ? ಈ ದೇಶದಲ್ಲಿ ಕಬ್ಬಿಣಕ್ಕೆ ದುಡ್ಡು ಕೊಡಬೇಕು. ಜನ ಪುಕ್ಕಟೆ.”

ಕಿಮೊಸೊಪ್ ರೋಲರ್ ನಿಲ್ಲಿಸಿ ಇಳಿದು, ಅತ್ತಿಗೆಯನ್ನು ಶೆಡ್ಡಿನ ಆಚೆ ಚಹಾ ಮಾರುವವಳ ಬೆಂಚಿನ ಬಳಿಗೆ ಕರೆದುಕೊಂಡು ಹೋದ. ಇಬ್ಬರಿಗೂ ಚಹಾ ಹೇಳಿದ. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

“ಅತ್ತಿಗೆ, ಸೋಮವಾರ ತಪ್ಪಿದ್ರೆ ಕೆಲಸ ತಪ್ಪುತ್ತೆ. ಅವನಿಗೆ ನಾವಿಲ್ದಿದ್ರೆ ಇನ್ನೊಬ್ಬ. ಎಲ್ರೂ ಹೀಗೇ ಹತ್ತಿಸ್ತಾರೆ, ಎಲ್ರೂ ಸಾಯ್ತಾರಾ? ಅಣ್ಣನ ಕೊಕ್ಕೆ ಸವೆದಿತ್ತು. ಇದು ಹೊಸ ಕೊಕ್ಕೆ.”

“ಕೊಕ್ಕೆ ಅಲ್ಲ.”

“ಮತ್ತೆ?”

“ನನ್ನ ಚಪ್ಪಲಿ ಬಿದ್ದಿತ್ತು. ತಗೊಳ್ಳೋಕೆ ಇಳಿದೆ.” ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಅನ್ನುವಷ್ಟೇ ಸಪ್ಪಗೆ ಹೇಳಿದಳು. “ನಾನು ಇಳಿದೆ, ಮೂತಿ ಎದ್ದಿತು.”

ಕಿಮೊಸೊಪ್ ಲೋಟವನ್ನು ಬೆಂಚಿನ ಮೇಲಿಟ್ಟ. 

“ಗೊತ್ತು” ಎಂದ. “ಅವತ್ತು ಟ್ರಕ್ಕಲ್ಲಿ ಕೂತಿದ್ದೋನು ನಾನೇ ಅಲ್ವಾ, ಕನ್ನಡೀಲಿ ನೋಡಿದ್ದೆ.”

“ಯಾರಿಗೂ ಹೇಳಲಿಲ್ಲ ನೀನು.”

“ಏನಂತ ಹೇಳ್ಲಿ? ನಮ್ಮತ್ತಿಗೆ ಚಪ್ಪಲಿ ತಗೊಂಡ್ಲು ಅಂತನಾ?”

ಚಹಾ ಮಾರುವವಳು ಇನ್ನಷ್ಟು ಹಾಲು ಬೇಕೇ ಎಂದು ಕೇಳಿದಳು. ಬೇಡ ಎಂದರು.

“ಕಂಡೂ ನೀನು ಇದನ್ನೇ ತಗೋಬೇಕು ಅಂತೀಯ?” ಎಂದಳು ಜೆಮೆಲಿ.

“ಚೆಲಿಮೋ ಓದಿದೆ, ಮನೆ ಖರ್ಚಿದೆ. ರೋಲರ್ ಹಿತ್ತಲಲ್ಲಿ ನಿಂತ್ರೆ ಮೊಟ್ಟೆ ಇಡುತ್ತಾ? ನಾನು ಹುಷಾರಾಗಿರ್ತೀನಿ ಅತ್ತಿಗೆ.”

“ಅವರೂ ಹುಷಾರಾಗೇ ಇದ್ರು. ಹುಷಾರಾಗಿ ಇರಬೇಕಾದವರು ಕೂತವರು. ನಾಳೆ ನಿನ್ನ ಮೂತಿ ಮೇಲೆ ಯಾರು ಕೂರ್ತಾರೋ ನಿನಗೆ ಗೊತ್ತಾ? ಫೋನ್ ಬಂತು ಅಂತ ಒಬ್ಬ ಎದ್ದ, ಕಣಜ ಕಚ್ತು ಅಂತ ಒಬ್ಬ ಎದ್ದ. ಅವನ ತಪ್ಪೇನು? ಅವನು ಐವತ್ತು ಶಿಲ್ಲಿಂಗಿಗೆ ಬಂದವನು.”

 ಜೆಮೆಲಿ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದು ಶೆಡ್ಡಿಗೆ ಹೋದಳು.

“ಮುಖ್ವಾನಾ, ಇದಕ್ಕೆ ಹಿಂದೆ ಎರಡು ಊರುಗಾಲು ಬೇಕು. ಹಲಗೆ ಒಂಬತ್ತಡಿ ಬೇಕು, ಉರುಳೆ ಜಾರದ ಹಾಗೆ ಮೇಲೆ ಅಡ್ಡಪಟ್ಟಿ ಬೇಕು. ಕೊಕ್ಕೆಗೆ ಬೀಗದ ಕಡ್ಡಿ. ಎಷ್ಟಾಗುತ್ತೆ?”

“ಯಾರೂ ಕೇಳಲ್ವಲ್ಲ ಅಮ್ಮಾ ಇದನ್ನೆಲ್ಲ!”

“ನಾನು ಕೇಳ್ತಿದ್ದೀನಿ.”

“ಹಾಕಿದ್ರೂ ಊರುಗಾಲು ಇಳಿಸೋದನ್ನ ಮರೀತೀರಿ. ಎಲ್ರೂ ಮರೀತಾರೆ. ಜನ ಆದ್ರೆ ತಾವೇ ನೆನಪಿಟ್ಕೊಂಡು ಬಂದು ಕೂರ್ತಾರೆ, ಚಹಾದ ಆಸೆಗಾದ್ರೂ.”

ಅದು ನಿಜವೇ. ಜೆಮೆಲಿ ಟ್ರೈಲರಿನ ಹಿಂಬದಿಯನ್ನು ನೋಡುತ್ತ ನಿಂತಳು. ಅವಳ ಕೊಟ್ಟಿಗೆಯಲ್ಲಿ ಒಂದು ಒದೆಯುವ ಹಸುವಿದೆ. ಅದರ ಹಿಂಗಾಲಿಗೆ ಅಡ್ಡಗೋಲು ಹಾಕುವುದನ್ನು ಅವಳು ಮರೆತು ಮರೆತು ಒದೆ ತಿಂದಾಗ ಬಿರ್ಗೆನ್ ಆ ಕೋಲನ್ನೇ ಮೇವಿನ ಬಾಗಿಲಿಗೆ ಅಗುಳಿ ಮಾಡಿಟ್ಟಿದ್ದ. ಕೋಲು ಕೈಗೆ ತೆಗೆದುಕೊಳ್ಳದೆ ಬಾಗಿಲು ತೆರೆಯುವಂತಿಲ್ಲ. ಬಾಗಿಲು ತೆರೆದು ಮೇವು ಹಾಕದೆ ಹಸು ಹಾಲು ಬಿಡುವುದಿಲ್ಲ.

“ಹಲಗೆಗಳನ್ನ ಟ್ರೈಲರಿನ ಹೊಟ್ಟೆ ಕೆಳಗೆ ತೂರಿಸಿಡೋ ಹಾಗೆ ಮಾಡಿ” ಎಂದಳು. “ಅವುಗಳ ಮುಂದೆ ಈ ಊರುಗಾಲು ಅಡ್ಡ ನಿಂತಿರಲಿ. ಕಾಲು ನೆಲಕ್ಕೆ ಇಳಿಸೋ ತನಕ ಹಲಗೆ ಹೊರಗೆ ಬರಬಾರದು. ಆಗ ಹೇಗೆ ಮರೀತಾನೆ?”

ಮುಖ್ವಾನಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಟ್ರೈಲರಿನ ಹೊಟ್ಟೆಯ ಕೆಳಗೆ ತಲೆ ಹಾಕಿ, ಕೈಯಿಂದ ಗೇಣು ಹಾಕಿದ. ಈಚೆ ಬಂದಾಗ ಅವನ ಮುಖದಲ್ಲಿ ವ್ಯಾಪಾರಿ ಇರಲಿಲ್ಲ.

“ಆಗುತ್ತೆ” ಎಂದ. “ಇಲ್ಲೊಂದು ಕೀಲು ಬೇಕು. ಆಗುತ್ತೆ.” ಆಮೇಲೆ ವ್ಯಾಪಾರಿ ಮರಳಿ ಬಂದ. “ಒಂದು ಲಕ್ಷದ ನಲವತ್ತು ಸಾವಿರ. ಎಂಟು ದಿನ.”

“ಒಂದು ಲಕ್ಷ. ಈ ಯುಕ್ತಿ ನೀವು ಮುಂದೆ ಮಾಡೋ ಟ್ರೈಲರಿಗೆಲ್ಲ ಹಾಕ್ಕೊಳ್ಳಿ. ನಾನು ಕಾಸು ಕೇಳಲ್ಲ.”

ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ನಿಂತಿತು. ಅಲ್ಲೇ ನಿಂತು ಗುತ್ತಿಗೆದಾರನಿಗೆ ಫೋನ್ ಮಾಡಿ, ಸೋಮವಾರ ಆಗುವುದಿಲ್ಲ, ಅದರ ಮುಂದಿನ ವಾರದ ಮಂಗಳವಾರ ಎಂದಳು. ಅವನು ಕೂಗಾಡಿದ. ಮೊದಲ ಭಾಗದ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ, ಉಳಿದದ್ದು ಬೇಕಿದ್ದರೆ ಬನ್ನಿ ಎಂದ. ಅಂದರೆ ಎರಡು ತಿಂಗಳು ಹೋಗಿ ಒಂದು ತಿಂಗಳಾಯಿತು. ಸರಿ ಎಂದು ಫೋನ್ ಇಟ್ಟಳು.

“ಮೇಲಿನ ದುಡ್ಡು?” ಎಂದ ಕಿಮೊಸೊಪ್.

“ಎರಡು ಹಸು ಮಾರ್ತೀನಿ. ಒದೆಯೋದನ್ನ ಇಟ್ಕೋತೀನಿ, ಅದನ್ನ ಯಾರೂ ಕೊಳ್ಳಲ್ಲ.”

ಎಂಟು ದಿನ ಎಂದದ್ದು ಒಂಬತ್ತಾಯಿತು. ಕೊಕ್ಕೆ ಸಿಕ್ಕಿಸಿ ಬೀಗದ ಕಡ್ಡಿ ಹಾಕುತ್ತಿದ್ದ ಹಾಗೆಯೇ ಆ ಮೂವರು ವೆಲ್ಡಿಂಗಿನವರು ಬಂದು ಮೂತಿಯ ಮೇಲೆ ಕೂತುಬಿಟ್ಟರು.

“ಏಯ್, ಇಳೀರೋ!” ಎಂದು ಮುಖ್ವಾನಾ ಗದರಿದ. “ನಿಮ್ಮ ನೌಕರಿ ಹೋಯ್ತು ಇವತ್ತು. ಚೆಲಿಮೋ ಅಮ್ಮ ನಿಮ್ಮ ಬದಲು ಕಬ್ಬಿಣ ಇಟ್ಕೊಂಡಿದ್ದಾರೆ.”

“ಕಬ್ಬಿಣ ಹಾಡು ಹೇಳುತ್ತಾ?” ಎಂದ ಒಬ್ಬ. ಇಳಿದು ಗೋಡೆಗೆ ಒರಗಿದರು.

ಕಿಮೊಸೊಪ್ ಬೇಕೆಂದೇ ಊರುಗಾಲು ಇಳಿಸದೆ ಹಲಗೆ ಎಳೆದು ನೋಡಿದ. ಬರಲಿಲ್ಲ. ಕಾಲು ಇಳಿಸಿದ, ಹಲಗೆ ಬಂತು. ರೋಲರ್ ಹತ್ತಿ ಕೂತ. ಜೆಮೆಲಿ ಅವನನ್ನು ನೋಡಲಿಲ್ಲ, ಉರುಳೆಯನ್ನೂ ನೋಡಲಿಲ್ಲ. ಮುಂದೆ ಕೊಕ್ಕೆಯ ಬಳಿ ಬಗ್ಗಿ ನಿಂತು ಅದೊಂದನ್ನೇ ನೋಡಿದಳು. ಯಂತ್ರದ ಸದ್ದು ಏರಿತು, ಟ್ರೈಲರ್ ನಡುಗಿತು. ಕೊಕ್ಕೆ ಕೂದಲೆಳೆಯಷ್ಟೂ ಏಳಲಿಲ್ಲ. ಉರುಳೆ ಅಚ್ಚು ದಾಟಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂಥದ್ದೇನೂ ಆಗಿರಲಿಲ್ಲ.

“ಇಳಿಸಿ ಇನ್ನೊಂದು ಸಲ” ಎಂದಳು.

ಎರಡನೆಯ ಸಲವೂ ಆಯಿತು, ಮೂರನೆಯ ಸಲವೂ ಆಯಿತು. ಅಷ್ಟರಲ್ಲಿ ಮಳೆ ಹನಿಯಲು ಶುರುವಾಯಿತು. ಗೋಡೆಗೆ ಒರಗಿದವರು ತಗಡಿನ ಕೆಳಗೆ ಓಡಿದರು. ಕಿಮೊಸೊಪ್ ತಲೆಯ ಮೇಲೆ ಗೋಣಿ ಹಾಕಿಕೊಂಡ.

“ಹೊರಡೋಣ ಅತ್ತಿಗೆ. ಮಳೆ ಜೋರಾಗುತ್ತೆ.”

“ಒದ್ದೆ ಹಲಗೆ ಮೇಲೆ ನೋಡಿಲ್ಲ.”

ಅವನು ಅವಳ ಮುಖ ನೋಡಿ ರೋಲರ್ ಇಳಿಸಿದ. ಹಲಗೆ ಪೂರ್ತಿ ತೋಯುವ ತನಕ ಇಬ್ಬರೂ ಕಾದರು. ಈ ಸಲ ಅವಳು ಹಿಂದೆ ಬಂದು, ಬದಿಗೆ ದೂರ ನಿಂತಳು. ನುಣುಪು ಉರುಳೆ ಅರ್ಧ ಏರಿ, ಒಂದು ಅಂಗೈ ಅಗಲ ಹಿಂದಕ್ಕೆ ಜಾರಿತು. ಅಡ್ಡಪಟ್ಟಿಗೆ ಸಿಕ್ಕಿ ನಿಂತಿತು. ಮತ್ತೆ ಏರಿತು.

“ಸಾಕು. ನಿಲ್ಲಿಸು” ಎಂದಳು. ತಗಡಿನ ಕಡೆ ತಿರುಗಿ, “ಮುಖ್ವಾನಾ, ಪಟ್ಟಿಗಳು ದೂರ ದೂರ ಆದವು. ಒಂದೊಂದು ಹಲಗೆಗೆ ಇನ್ನೂ ನಾಲ್ಕು ಹಾಕಿ.”

“ಈಗ್ಲಾ? ಮಳೇಲಾ?”

“ಮಳೆ ನಿಂತ ಮೇಲೆ. ಕೂತಿರ್ತೀವಿ.”

ಮುಖ್ವಾನಾ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತ ಕಬ್ಬಿಣ ಹುಡುಕಲು ಒಳಗೆ ಹೋದ. ಕಿಮೊಸೊಪ್ ಇಂಜಿನ್ ಆರಿಸಿ ಇಳಿದು ಬಂದು ತಗಡಿನ ಕೆಳಗೆ ಅವಳ ಪಕ್ಕ ನಿಂತ, ಗೋಣಿಯ ಒಂದು ಮಗ್ಗುಲನ್ನು ಅವಳ ಹೆಗಲ ಮೇಲೆ ಎಳೆದ.

“ಅಣ್ಣ ಇದ್ದಿದ್ರೆ ಇಷ್ಟು ಹೊತ್ತಿಗೆ ನಿಮ್ಮನ್ನ ಸರಿಯಾಗಿ ಬೈತಿದ್ದ” ಎಂದ.

“ಬೈಲಿ” ಎಂದಳು ಜೆಮೆಲಿ.