ಬೇಕರಿ ಗಲ್ಲಿಯ ಗೋಡೆ

ಹುಳಿ ಬಂದ ಹಿಟ್ಟು, ಕಾದ ತಗಡು, ಸೀದ ಸಕ್ಕರೆ. ಈ ಮೂರೂ ಸೇರಿದ ವಾಸನೆ ಕಿಟಕಿಯಿಂದ ಒಳಗೆ ಬಂದಾಗಲೇ ಗುಂಡಿಯಕ್ಕನಿಗೆ ಚಿಕ್ಕಂದಿನಲ್ಲಿ ಬೆಳಗಾಗುತ್ತಿತ್ತು. ಮನೆಗೆ ಅಂಟಿಕೊಂಡ ಗಲ್ಲಿಯಲ್ಲಿ ಬೇಕರಿ. ಅಪ್ಪ ಪೇಪರಿನಲ್ಲಿ ಸುತ್ತಿದ ಬ್ರೆಡ್ಡನ್ನು ಬಿಸಿ ತಾಳಲಾರದೆ ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಹೊರಬರುವಷ್ಟರಲ್ಲಿ, ಅವಳು ಗಲ್ಲಿಯ ಆಚೆ ತುದಿಯ ಟ್ಯಾಂಕ್ ರಸ್ತೆಗೆ ಓಡಿ, ನೀರಿನ ಟ್ಯಾಂಕಿನ ಕಂಬ ಮುಟ್ಟಿ ವಾಪಸ್ ಬಂದಿರುತ್ತಿದ್ದಳು. ಬೇಕರಿ ಮುಚ್ಚಿ ಇಪ್ಪತ್ತು ವರ್ಷ. ಆದರೂ ಎಲ್ಲರ ಬಾಯಲ್ಲಿ ಅದು ಬೇಕರಿ ಗಲ್ಲಿಯೇ. ಗುಂಡಿಯಕ್ಕನ ಮಟ್ಟಿಗಂತೂ ಅಂಗಡಿ ಬೀದಿಯಿಂದ ಟ್ಯಾಂಕ್ ರಸ್ತೆಗೆ ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿರಲಿಲ್ಲ.

ಅವಳಿಗೀಗ ಅರವತ್ತೇಳು. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಗುಂಡಿ, ಹುಕ್ಕು, ಜಿಪ್ಪು, ದಾರ, ಲೇಸು ಮಾರುತ್ತಿದ್ದಳು. ಗೋಡೆ ತುಂಬ ರಟ್ಟಿನ ಡಬ್ಬಿಗಳು, ಪ್ರತಿ ಡಬ್ಬಿಯ ಮೂತಿಗೆ ಒಳಗಿರುವುದರ ಮಾದರಿಯಾಗಿ ಹೊಲಿದ ಒಂದು ಗುಂಡಿ. ಯಾರಾದರೂ ಗುಂಡಿ ಕಿತ್ತುಹೋದ ಕೋಟು ತಂದರೆ, ಉಳಿದ ಗುಂಡಿಯನ್ನು ಹೆಬ್ಬೆರಳಿನಲ್ಲಿ ಸವರಿ, ಮುಖ ಎತ್ತದೆಯೇ ಸರಿಯಾದ ಡಬ್ಬಿಗೆ ಕೈ ಹಾಕುವಳು. ಮನೆ ಮಹಡಿಯ ಮೇಲೆ. ಮಂಡಿನೋವು ಶುರುವಾದ ಮೇಲೆ ಮೆಟ್ಟಿಲಿಳಿದು ಅಂಗಡಿಗೆ, ಮೆಟ್ಟಿಲು ಹತ್ತಿ ಮನೆಗೆ, ಅಷ್ಟೇ ಅವಳ ತಿರುಗಾಟ.

ಆದರೆ ದಾರಿ ಕೇಳುವವರೆಲ್ಲ ಬರುತ್ತಿದ್ದುದು ಅವಳ ಹತ್ತಿರವೇ. ಚಪ್ಪಲಿ ಹೊಲಿಯುವವನು ಎಲ್ಲಿ, ಕನ್ನಡಕದ ಕಾಲು ಯಾರು ಕೂಡಿಸುತ್ತಾರೆ, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ. "ಒಳ್ಳೆ ಊಟ ಎಲ್ಲಿ ಸಿಗುತ್ತೆ?" ಎಂದವರನ್ನು ಕಣ್ಣುಮುಚ್ಚಿ ಬಿಸಿಯಣ್ಣನ ಹೋಟೆಲಿಗೆ ಕಳಿಸುವಳು. ನಾಲ್ಕೇ ಮೇಜಿನ ಹೋಟೆಲ್. ಆರಿದ್ದನ್ನು ಬಡಿಸುವುದಕ್ಕಿಂತ ಅಂಗಡಿ ಮುಚ್ಚುವುದು ಮೇಲು ಎನ್ನುತ್ತಿದ್ದ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರದು.

ಎದುರಿನ ಕ್ಷೌರದಂಗಡಿಯವನು ದಿನಕ್ಕೊಮ್ಮೆ ಅವಳನ್ನು ಕೆಣಕದೆ ಇರುತ್ತಿರಲಿಲ್ಲ. "ಏನ್ ಗುಂಡಿಯಕ್ಕ, ರಸ್ತೆ ತುಂಬ ಗುಂಡಿ, ನಿನ್ನ ಅಂಗಡೀಲೂ ಗುಂಡಿ. ಆ ರಸ್ತೆಯವರು ನಿನ್ನಿಂದಾನೇ ತರಿಸ್ತಾರಾ ಹೇಗೆ?"

"ಬಾಯಿಗೆ ಹಾಕೋ ಜಿಪ್ಪೂ ಇದೆ ನನ್ನ ಹತ್ರ. ಅಳತೆ ಕೊಡ್ತೀಯಾ?"

ಆ ಮಂಗಳವಾರ ಹನ್ನೊಂದರ ಹೊತ್ತಿಗೆ ಆಂಬುಲೆನ್ಸ್ ಕೂಗುತ್ತ ಅಂಗಡಿ ಬೀದಿಗೆ ಬಂತು. ಟ್ಯಾಂಕ್ ರಸ್ತೆಯ ಮನೆಯಲ್ಲಿ ಬಿಸಿಯಣ್ಣ ಎದೆ ಹಿಡಿದುಕೊಂಡು ಕುಸಿದಿದ್ದಾನೆ ಎಂದು ಆಗಷ್ಟೇ ಸುದ್ದಿ ಬಂದು, ಬೀದಿಯವರೆಲ್ಲ ಅತ್ತ ಓಡಿದ್ದರು. ವೃತ್ತದ ಬಳಿ ಚರಂಡಿಗೆಂದು ರಸ್ತೆ ಅಗೆದು ಒಂದೊಂದೇ ಗಾಡಿ ಬಿಡುತ್ತಿದ್ದರು. ಡ್ರೈವರ್ ಅದೇ ದಾರಿ ಹಿಡಿಯುವುದರಲ್ಲಿದ್ದ. ಗುಂಡಿಯಕ್ಕ ಮಂಡಿಯ ಪರಿವೆಯಿಲ್ಲದೆ ನಡುರಸ್ತೆಗೆ ಓಡಿ ಎರಡೂ ಕೈ ಎತ್ತಿ ನಿಲ್ಲಿಸಿದಳು.

"ಆ ಕಡೆ ಬೇಡಪ್ಪ, ಅಗೆದು ಹಾಕಿದಾರೆ! ಈ ಗಲ್ಲೀಲಿ ನುಗ್ಗು. ಎರಡೇ ನಿಮಿಷ, ಸೀದಾ ಅವನ ಮನೆ ಬಾಗಿಲು!"

ಡ್ರೈವರ್ ಅವಳ ಮುಖ ನೋಡಿದ. ಸ್ಟಿಯರಿಂಗ್ ತಿರುಗಿಸಿದ.

ಅವಳು ಅಂಗಡಿಗೆ ಮರಳಿ, ಕಾಯುತ್ತಿದ್ದ ಹೆಂಗಸಿಗೆ ಆರು ಕಪ್ಪು ಗುಂಡಿ ಎಣಿಸಿ ಕೊಟ್ಟಳು. ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಮನಸ್ಸು ಹಗುರಾಗಿತ್ತು. ಆಗ ಗಲ್ಲಿಯೊಳಗಿಂದ ಗಾಡಿ ಹಿಂದಕ್ಕೆ ಬರುವಾಗಿನ ಕುಂಯ್ ಕುಂಯ್ ಸದ್ದು ಕೇಳಿಸಿತು.

ಗಲ್ಲಿಯ ಆಚೆ ತುದಿಯಲ್ಲಿ ಗೋಡೆಯಿತ್ತು. ಬೇಕರಿಯ ಜಾಗ ಕೊಂಡು ಗೋದಾಮು ಮಾಡಿದವರು ಒಂದೂವರೆ ವರ್ಷದ ಹಿಂದೆ ಎಬ್ಬಿಸಿದ್ದು. ಆಂಬುಲೆನ್ಸ್ ಹಿಂದೆಯೇ ಸಿಲಿಂಡರ್ ಹೇರಿದ ಆಟೋ ನುಗ್ಗಿತ್ತು, ಅದರ ಹಿಂದೆ ಮೂರು ಸ್ಕೂಟರ್. ಎಲ್ಲ ಹೊರಬಂದು, ವೃತ್ತ ದಾಟಿ, ಬಿಸಿಯಣ್ಣನ ಬಾಗಿಲು ಮುಟ್ಟುವಷ್ಟರಲ್ಲಿ ಹದಿನೇಳು ನಿಮಿಷ ಹೆಚ್ಚಿಗೆ ಹಿಡಿಯಿತು. ಬಿಸಿಯಣ್ಣ ಜೀವಸಹಿತ ಆಸ್ಪತ್ರೆ ತಲುಪಲಿಲ್ಲ. "ಒಂದು ಹತ್ತು ನಿಮಿಷ ಮೊದಲೇ ತಂದಿದ್ರೆ..." ಎಂದ ಡಾಕ್ಟರು ಮಾತು ಮುಗಿಸಲಿಲ್ಲವಂತೆ.

ಬೀದಿಗೆ ಬೀದಿಯೇ ಡ್ರೈವರನ ಮೇಲೆ ತಿರುಗಿಬಿತ್ತು. ಬಿಸಿಯಣ್ಣನ ಭಾವಮೈದ ಆಸ್ಪತ್ರೆಯ ಬಾಗಿಲಲ್ಲೇ ಅವನ ಕಾಲರ್ ಹಿಡಿದು ಕೆನ್ನೆಗೆ ಬಿಗಿದ. ಅವನನ್ನು ಕೆಲಸದಿಂದ ತೆಗೆಯಬೇಕೆಂದು ಅರ್ಜಿ ಬರೆದು ನಲವತ್ತು ಜನ ಸಹಿ ಹಾಕಿದರು. ಆ ಕಾಗದ ಗುಂಡಿ ಅಂಗಡಿಗೂ ಬಂತು. ಅವಳು ಕನ್ನಡಕ ಸಿಗುತ್ತಿಲ್ಲವೆಂದಳು. ಕನ್ನಡಕ ಅವಳ ಕೊರಳಲ್ಲೇ ನೇತಾಡುತ್ತಿತ್ತು. ತಂದವನು ಅದನ್ನು ನೋಡಿಯೂ, ಮುದುಕಿಗೆ ದುಃಖವಿರಬೇಕೆಂದುಕೊಂಡು ಸುಮ್ಮನೆ ಹೋದ.

ಎಂಟು ದಿನ ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಕ್ಷೌರದವನು ಬಂದು ಕೌಂಟರಿಗೆ ಒರಗಿ ನಿಂತ.

"ನಾಳೆ ಆ ಡ್ರೈವರ್ ವಿಚಾರಣೆಯಂತೆ. ಕೆಲಸ ಹೋದ ಹಾಗೇ ಲೆಕ್ಕ. ಹೋಗ್ಲಿ ಬಿಡು, ಆಗಬೇಕಾದ್ದೇ. ಗೋಡೆ ಇರೋದು ಕಾಣ್ಸಲ್ವಾ ಅವನಿಗೆ?"

"ನನಗೂ ಗೊತ್ತಿರ್ಲಿಲ್ಲ ಕಣೋ, ಗೋಡೆ."

"ಗೊತ್ತಿರ್ಲಿಲ್ವಾ? ಗೋಡೆ ಏಳೋವಾಗ ಇಲ್ಲೇ ನಿಂತು ನಾನೇ ಹೇಳಿದ್ನಲ್ಲ. ನೀನು 'ಹೌದಾ' ಅಂದ್ಕೊಂಡು ದಾರ ಸುತ್ತಾ ಇದ್ದೆ."

ಅವನು ಹೋದ ಮೇಲೆ ಅವಳು ಷಟರ್ ಎಳೆದು, ಪಕ್ಕದ ಗೋಡೆ ಹಿಡಿದುಕೊಂಡು ಗಲ್ಲಿಯೊಳಗೆ ನಡೆದಳು. ತುದಿಯಲ್ಲಿ ಬೂದುಬಣ್ಣದ ಇಟ್ಟಿಗೆಗಳು, ಆಳೆತ್ತರಕ್ಕೂ ಮೇಲೆ. ಹತ್ತಿರದಲ್ಲಿ ನೆಲದ ಮೇಲೆ, ಆಂಬುಲೆನ್ಸ್ ಹಿಂದಕ್ಕೆ ಬರುವಾಗ ಒಡೆದ ಹಿಂಬದಿ ದೀಪದ ಕೆಂಪು ಚೂರುಗಳು. ಅವನ್ನು ಯಾರೂ ಗುಡಿಸಿರಲಿಲ್ಲ. ಹೇಳಿದ್ದು ಕಿವಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ. ಆ ತಲೆಯನ್ನೇ ನಂಬಿ ಇಡೀ ಬೀದಿಗೆ ದಾರಿ ಹೇಳುತ್ತಿದ್ದೆನಲ್ಲ, ಎಂದುಕೊಂಡಳು.

ಅಲ್ಲಿಂದ ವೃತ್ತ ಸುತ್ತಿಕೊಂಡು, ಎರಡು ಕಡೆ ಕೂತು ಸುಧಾರಿಸಿಕೊಂಡು, ಬಿಸಿಯಣ್ಣನ ಮನೆಗೆ ಹೋದಳು. ಅವನ ಹೆಂಡತಿ ಹೋಟೆಲಿನಿಂದ ತಂದು ಹಾಕಿದ ಪಾತ್ರೆಗಳ ನಡುವೆ ಕೂತಿದ್ದಳು. ಭಾವಮೈದ ಬಾಗಿಲಲ್ಲಿದ್ದ. ಗುಂಡಿಯಕ್ಕ ಕೂರಲಿಲ್ಲ.

"ಆಂಬುಲೆನ್ಸನ್ನ ಗಲ್ಲಿಗೆ ಕಳ್ಸಿದ್ದು ನಾನು. ಅವನು ಸರಿಯಾದ ದಾರೀಲೇ ಹೋಗ್ತಿದ್ದ. ನಾನೇ ಅಡ್ಡ ನಿಂತು ತಿರುಗಿಸಿದೆ."

ಭಾವಮೈದನ ಮುಖ ಕೆಂಪಾಯಿತು. "ಒಂಬತ್ತು ದಿನ! ಒಂಬತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ನಾನು ಅವನಿಗೆ ಹೊಡೆದೆ ಕಣ್ರೀ. ಎಲ್ಲರ ಮುಂದೆ ಹೊಡೆದೆ!"

"ಸುಮ್ನಿರೋ," ಎಂದಳು ಬಿಸಿಯಣ್ಣನ ಹೆಂಡತಿ. ಆಮೇಲೆ ಗುಂಡಿಯಕ್ಕನ ಕಡೆ ನೋಡದೆಯೇ, "ನನಗ್ಯಾಕೆ ಹೇಳ್ತಿದೀರಿ? ನಾನು ಪರವಾಗಿಲ್ಲ ಅನ್ನಬೇಕಾ? ನನ್ನಿಂದ ಆಗಲ್ಲ ಅಕ್ಕ. ಹೇಳೋ ಕಡೆ ಹೋಗಿ ಹೇಳಿ."

ಗುಂಡಿಯಕ್ಕ ಚಪ್ಪಲಿ ಹುಡುಕುವಾಗ ಕಣ್ಣು ಮಂಜಾಗಿತ್ತು. ಆ ಹೆಂಗಸೇ ಎದ್ದು ಬಂದು, ಚಪ್ಪಲಿಯನ್ನು ಅವಳ ಕಾಲ ಹತ್ತಿರ ಸರಿಸಿ ಬಾಗಿಲು ಹಾಕಿಕೊಂಡಳು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಕ್ಷೌರದವನು ತನ್ನ ಬಾಗಿಲಲ್ಲಿ ನಿಂತಿದ್ದವನು ಅವಳನ್ನು ಕಂಡು ಒಳಗೆ ಹೋದ. ಯಾರೋ ಹೊಸಬ ಬಂದು ಅಂಚೆ ಕಚೇರಿ ಎಲ್ಲಿ ಎಂದು ಕೇಳಿದ. ಅವಳು ಕೈ ಎತ್ತಿದಳು, ಇಳಿಸಿದಳು. "ಬೇರೆಯವರನ್ನ ಕೇಳಪ್ಪ," ಎಂದಳು.

ಮರುದಿನ ಬೆಳಗ್ಗೆ ಒಂಬತ್ತಕ್ಕೇ ಆಂಬುಲೆನ್ಸ್ ಕಚೇರಿಯಲ್ಲಿದ್ದಳು. ಉದ್ದನೆಯ ವರಾಂಡ, ಒಂದು ಬೆಂಚು, ಕಾಲು ಮುರಿದ ಕುರ್ಚಿಗಳ ರಾಶಿ. ಗುಮಾಸ್ತ ಅವಳಿಗೆ ಮೂರು ಸಲ ಆಮೇಲೆ ಬನ್ನಿ ಎಂದ. ನಾಲ್ಕನೆಯ ಸಲಕ್ಕೆ ಫೈಲು ತೆಗೆದು ಕಣ್ಣಾಡಿಸಿ, ಹುಬ್ಬೇರಿಸಿದ.

"ನಿಮ್ಮ ವಿಷಯ ಇದರಲ್ಲಿ ಎಲ್ಲೂ ಇಲ್ವಲ್ಲಮ್ಮ. 'ಹತ್ತಿರವಾಗುತ್ತದೆಂದು ನಾನೇ ಗಲ್ಲಿಗೆ ತಿರುಗಿಸಿದೆ' ಅಂತ ಡ್ರೈವರೇ ಬರ್ಕೊಟ್ಟಿದಾನೆ."

"ಸುಳ್ಳದು. ನಾನು ಹೇಳಿದ್ದನ್ನ ಬರ್ಕೊಳ್ಳಿ."

ಹನ್ನೆರಡಕ್ಕೆ ಅಧಿಕಾರಿ ಒಳಗೆ ಕರೆದರು. ಅವಳು ಹೇಳಿದ್ದನ್ನೆಲ್ಲ ಬರೆಸಿಕೊಂಡರು, ಸಹಿ ಹಾಕಿಸಿಕೊಂಡರು. ಕೆಟ್ಟ ಮನುಷ್ಯನೇನಲ್ಲ. "ನೀವು ಬಂದಿದ್ದು ಒಳ್ಳೇದಾಯ್ತು," ಎಂದರು. "ಆದ್ರೆ ನಿಯಮ ಅಂತ ಒಂದಿದೆ. ದಾರೀಲಿ ಯಾರೋ ಹೇಳಿದ್ರು ಅಂತ ಗೊತ್ತಿರೋ ರಸ್ತೆ ಬಿಡೋ ಹಾಗಿಲ್ಲ. ಕೆಲಸ ಉಳಿಯುತ್ತೆ ಅಂತ ನಾನು ಹೇಳಲಾರೆ. ಮೇಲಿನವರು ನೋಡ್ತಾರೆ."

ಅವಳು ಹೊರಬಂದು ಬೆಂಚಿನ ಮೇಲೆ ಕುಸಿದಳು. ಆಚೆ ತುದಿಯಲ್ಲಿ ಒಬ್ಬ ಕೂತಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಚೀಲ. ಕೆನ್ನೆಯ ಮೇಲಿನ ಗಾಯದ ಗೆರೆ ಒಣಗುತ್ತ ಬಂದಿತ್ತು. ಅವಳು ಗುರುತು ಹಿಡಿದಳು. ಅವನು ಆಗಲೇ ಹಿಡಿದಿದ್ದ.

"ಯಾಕಪ್ಪ ನಾನು ಅಂತ ಹೇಳಲಿಲ್ಲ?"

"ನಿಮ್ಮ ಹೆಸರು ನನಗೇನು ಗೊತ್ತಮ್ಮ."

"ಗುಂಡಿ ಅಂಗಡಿ ಮುದುಕಿ ಅಂದಿದ್ರೆ ಸಾಕಿತ್ತು. ಬೀದಿಗೆಲ್ಲ ಗೊತ್ತಾಗ್ತಿತ್ತು."

ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದ. "ನಾವು ಕೂಗ್ಕೊಂಡು ಬರೋವಾಗ ಜನ ಪಕ್ಕಕ್ಕೆ ಸರಿದ್ರೆ ಅದೇ ಹೆಚ್ಚು. ನೀವು ಬರಿಗಾಲಲ್ಲಿ ಓಡಿ ಬಂದ್ರಿ. ಅಂಥವರ ಮೇಲೆ ಏನು ಅಂತ ಬರ್ಕೊಡ್ಲಿ? ತಿರುಗಿಸಿದ್ದು ನನ್ನ ಕೈ ತಾನೆ." ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ. "ಆ ಹೋಟೆಲಿನವರು ದಾರಿ ಪೂರ್ತಿ, ತಮ್ಮ ಕೈ ಹಿಡ್ಕೊಂಡಿದ್ದ ನರ್ಸನ್ನ 'ಹೋಟೆಲ್ ಬಾಗಿಲು ಹಾಕಿದಾರಾ' ಅಂತಾನೇ ಕೇಳ್ತಾ ಇದ್ರಂತೆ. ಹಾಗಂತ ಆಮೇಲೆ ನರ್ಸ್ ಹೇಳಿದ್ಲು. ಅದು ಕೇಳಬಾರದಿತ್ತು ನಾನು."

ಒಂದು ಗಂಟೆಯಾಯಿತು. ಒಳಗಿದ್ದವರು ಊಟಕ್ಕೆದ್ದರು. ಅವನ ಸರದಿ ಇನ್ನೂ ಬಂದಿರಲಿಲ್ಲ. ಅವಳಿಗೆ ಏಳಲು ಮಂಡಿ ಬಗ್ಗುತ್ತಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು.

ಅವನು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದ. ಅನ್ನ, ಬೇಳೆ, ಒಂದು ಮೊಟ್ಟೆ. ಮುಚ್ಚಳವನ್ನು ಕರವಸ್ತ್ರದಲ್ಲಿ ಒರೆಸಿ, ತನಗೆ ಒಂದಿಷ್ಟನ್ನು ಅದಕ್ಕೆ ಹಾಕಿಕೊಂಡ. ಡಬ್ಬಿಯನ್ನು, ಚಮಚ ಅವಳ ಕೈಗೆ ಸಿಗುವ ಹಾಗೆ ತಿರುಗಿಸಿ, ಬೆಂಚಿನ ಮೇಲೆ ಅವಳತ್ತ ಸರಿಸಿದ.